ಎರಡು ಸೈಜು ದೊಡ್ಡ ಕ್ಲಚ್

ಆರಿಸುವುದು ನನ್ನ ಕಸುಬು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಯೂನಿಟ್ ಇಟ್ಟುಕೊಂಡವನಿಗೆ ಹೀಗೆ ನಂಬುವುದು ಕಷ್ಟವೇನಲ್ಲ. ಬೆಳಗಾದರೆ ಥಾನು ಬಿಚ್ಚುವುದು, ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುವುದು, ಕಣ್ಣು ಅರ್ಧ ಮುಚ್ಚಿ "ಇದು ನಡೀತದ, ಅದು ನಡಿಯಂಗಿಲ್ಲ" ಎಂದು ತೀರ್ಪು ಕೊಡುವುದು. ಈ ಅರ್ಧ ಮುಚ್ಚಿದ ಕಣ್ಣಿಗೆ ಊರಿನಲ್ಲಿ ಒಂದು ಬೆಲೆಯಿದೆ. ನೆಂಟರು ಮದುವೆಯ ಜವಳಿಗೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಒಬ್ಬರು ಎಮ್ಮೆ ಆರಿಸಿಕೊಡಿ ಎಂದೂ ಕರೆದಿದ್ದರು. ಹೋದೆ. ಎಮ್ಮೆಯ ಚರ್ಮವನ್ನೂ ಹಾಗೆಯೇ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದೆ. ಅದು ಒದ್ದಿತು. ನನ್ನ ತಿಳಿವಳಿಕೆಗೂ ಒಂದು ಗಡಿಯಿದೆ ಎಂದು ಅವತ್ತೇ ಅರ್ಥವಾಗಬೇಕಿತ್ತು. ಎಮ್ಮೆಗೆ ಬುದ್ಧಿಯಿಲ್ಲ ಎಂದುಕೊಂಡು ಮನೆಗೆ ಬಂದೆ.

ನಮ್ಮ ಕಸುಬಿನವರಿಗೆ ಇನ್ನೊಂದು ಚಾಳಿಯಿದೆ. ಜೀನ್ಸ್ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹಾಗಾಗಿ ಕತ್ತರಿಸುವಾಗಲೇ ಒಂದಿಷ್ಟು ದೊಡ್ಡದಾಗಿ ಕತ್ತರಿಸಿ, ಹೊಲಿಗೆಯೊಳಗೆ ಮಾರ್ಜಿನ್ ಬಿಡುತ್ತೇವೆ. ಇದು ಕೈಗೆ ಹತ್ತಿದರೆ ಪ್ಯಾಂಟಿನಲ್ಲಿ ನಿಲ್ಲುವುದಿಲ್ಲ. ನಾನು ಚಪ್ಪಲಿ ಕೊಂಡರೂ ಒಂದು ಸೈಜು ದೊಡ್ಡದು, ಸ್ವೆಟರ್ ಕೊಂಡರೂ ಒಂದು ಸೈಜು ದೊಡ್ಡದು. ಮನೆಯ ಮೇಲಿನ ನೀರಿನ ಟ್ಯಾಂಕನ್ನೂ ಹಾಗೆಯೇ ತಂದು, ಅದು ಮೆಟ್ಟಿಲಲ್ಲಿ ಹಿಡಿಸದೆ ಹಗ್ಗ ಕಟ್ಟಿ ಹೊರಗಿನಿಂದ ಎಳೆಸಿದ್ದೆ. "ಈ ಟ್ಯಾಂಕು ಯಾವ ನೀರಿಗೆ ಹಾಕಿದ್ರೆ ಕುಗ್ತೈತೆ ಕಣ್ರೀ?" ಎಂದು ನನ್ನ ಹೆಂಡತಿ ಸರೋಜ ಕೇಳಿದ್ದಳು. ಅವಳು ಮಡಕಶಿರಾ ಕಡೆಯವಳು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಅವಳ ಮಾತು ಅಲ್ಲಿಯದೇ, ಧೈರ್ಯವೂ ಅಲ್ಲಿಯದೇ.

ಇಂಥ ನಾನು ಐವತ್ತು ದಾಟಿದ ಮೇಲೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಯಾಕೆ ಎಂದು ಕೇಳಬೇಡಿ. ಬಳ್ಳಾರಿ ಕಡೆ ಅದಿರಿನ ಧೂಳು ಜೋರಾಗಿದ್ದ ಕಾಲದಲ್ಲಿ ಯಾರೋ ಆಸೆಪಟ್ಟು ತರಿಸಿದ್ದು. ಧೂಳು ಇಳಿದ ಮೇಲೆ ತಾಡಪಾಲಿನಡಿ ಮಲಗಿತ್ತು. ಎರಡೇ ಬಾಗಿಲು. ಒಳಗೆ ಕೂರುವುದಕ್ಕಿಂತ ಇಳಿಯುವುದು ಎನ್ನುವುದೇ ಸರಿ, ಅಷ್ಟು ಕೆಳಗೆ. ಸರೋಜ ಅದನ್ನು ಒಂದು ಸುತ್ತು ಹಾಕಿ ನೋಡಿ, ಬೇಡ ಎನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದಳು: "ತಿಪ್ಪೇಸ್ವಾಮಿ ಗೃಹಪ್ರವೇಶಕ್ಕೆ ಇದನ್ನ ನಾನೇ ಓಡಿಸ್ಕೊಂಡು ಹೋಗ್ಬೇಕು. ಒಪ್ಕೊಂಡ್ರೆ ತಗಳ್ಳಿ."

ತಿಪ್ಪೇಸ್ವಾಮಿ ಅವಳ ತಮ್ಮ. ಮಡಕಶಿರಾದಲ್ಲಿ ಕಿರಾಣಿ ಅಂಗಡಿ, ಒಳ್ಳೆಯ ಮನುಷ್ಯ. ಆದರೆ ಲೋಕದ ಎಲ್ಲ ವಿಷಯಗಳ ಬಗ್ಗೆ ಅವನಲ್ಲಿ ಒಂದೊಂದು ಅಭಿಪ್ರಾಯ ಸ್ಟಾಕಿನಲ್ಲಿರುತ್ತದೆ. ಸರೋಜ ಹಳೆಯ ಸಣ್ಣ ಕಾರಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟಾಗ, ಪಂಕ್ತಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, "ಅಕ್ಕಾ, ನಿಂಗೆ ಸ್ಕೂಟಿ ಸಾಕು. ಕ್ಲಚ್ ಇರೋ ಗಾಡಿ ಹೆಣ್ಮಕ್ಕಳಿಗೆ ಆಗಿಬರಕಿಲ್ಲ" ಎಂದಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಒಬ್ಬಟ್ಟು ಬಾಯಲ್ಲಿತ್ತು. ಸರೋಜ ಮಾತ್ರ ತಲೆ ಬಗ್ಗಿಸಿ ಅನ್ನ ಕಲಸಿದಳು. ಆಮೇಲೆ ಕಲಿತಳು, ಚೆನ್ನಾಗಿಯೇ ಓಡಿಸಿದಳು. ಆದರೆ ತವರಿನ ಬೀದಿಯಲ್ಲಿ ಓಡಿಸಿ ತೋರಿಸುವ ಸಂದರ್ಭ ಬರಲೇ ಇಲ್ಲ. ಈಗ ಗೃಹಪ್ರವೇಶ ಬಂದಿತ್ತು. ನಾನು ತಕ್ಷಣ ಒಪ್ಪಿದೆ, ಹಳೆಯ ಸಣ್ಣ ಕಾರನ್ನೂ ತಕ್ಷಣ ಮಾರಿಬಿಟ್ಟೆ.

ಆ ಕೆಂಪು ಕಾರಿನ ಎಂಜಿನ್ನಿಗೆ ಹಿಂದಿನವರು ಕಂಪ್ಯೂಟರ್ ಹಚ್ಚಿ ಬಲ ಏರಿಸಿದ್ದರು. ಕ್ಲಚ್ ಮಾತ್ರ ಹಳೆಯದೇ ಇತ್ತು. ಕ್ಲಚ್ ಎಂದರೆ ಎಂಜಿನ್ನೂ ಚಕ್ರವೂ ಕೈ ಹಿಡಿದುಕೊಳ್ಳುವ ಜಾಗ. ಇಲ್ಲಿ ಎಂಜಿನ್ ಜಗ್ಗಿದ ಜೋರಿಗೆ ಹಿಡಿತ ಜಾರುತ್ತಿತ್ತು. ಓಬಳಾಪುರದ ಹತ್ತಿರ ಒಂದು ಅದಿರು ಲಾರಿಯನ್ನು ಹಿಂದೆ ಹಾಕೋಣ ಎಂದು ಕಾಲು ಒತ್ತಿದರೆ, ಗಾಡಿ ಊರಿಗೆಲ್ಲ ಕೇಳುವಂತೆ ಅರಚಿತೇ ಹೊರತು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬೇರೆ. ಹಿಂದಿನಿಂದ ಇನ್ನೊಂದು ಲಾರಿ ನನ್ನನ್ನು ದಾಟಿತು. ಅದರ ಕ್ಲೀನರ್ ಕಿಟಕಿಯಿಂದ ತಲೆ ಹಾಕಿ, "ಏಮಣ್ಣಾ, ತೋಯಮಂಟಾವಾ?" ಎಂದ. ತಳ್ಳಬೇಕೇನಣ್ಣ ಎಂದು. ಅವನು ಕನಿಕರದಿಂದಲೇ ಕೇಳಿದ್ದ, ಅದಕ್ಕೇ ಹೆಚ್ಚು ಉರಿಯಿತು.

ಹೀಗೆ ನಾನು ಬಳ್ಳಾರಿಯ ಮೆಕ್ಯಾನಿಕ್ ಮಾಬುಸಾಬರ ಮುಂದೆ ಹೋಗಿ ಕೂತೆ. ಅವರು ಯಾರ ಮಾತಿಗೂ ಇಲ್ಲ ಎನ್ನದ ಮನುಷ್ಯ. ಮೂರು ಬಗೆಯ ಕ್ಲಚ್ ಪ್ಲೇಟುಗಳನ್ನು ಮೇಜಿನ ಮೇಲಿಟ್ಟರು. ಒಂದು ಮೆತ್ತನೆ ಹಿಡಿಯುವುದು, ಒಂದು ನಡುವಿನದು, ಇನ್ನೊಂದು ರೇಸಿನವರು ಹಾಕಿಸುವ ಸೆರಾಮಿಕ್ಕಿನದು. ನನಗೆ ಅವು ತೆಳು ಮಲ್ಲು, ಪಾಪ್ಲಿನ್, ದಪ್ಪ ಕ್ಯಾನ್ವಾಸ್ ಎಂದು ಅರ್ಥವಾದವು. ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಉಜ್ಜಿ, ಕಣ್ಣು ಅರ್ಧ ಮುಚ್ಚಿದೆ. "ಇದು ಬಳಸ್ತಾ ಬಳಸ್ತಾ ಎಷ್ಟು ಕುಗ್ತದ್ರಿ?" ಎಂದು ಕೇಳಿದೆ.

ಮಾಬುಸಾಬರು ಕೈಯ ಗ್ರೀಸ್ ಒರೆಸಿಕೊಂಡರು. "ಸವೀತದ್ರಿ ಅಣ್ಣಾರ. ಕುಗ್ಗೂದು ಅಂದ್ರ... ಕುಗ್ತದ ಅಂತನೂ ಅನ್ಬಹುದ್ರಿ" ಎಂದರು, ಗಿರಾಕಿಯ ಮನಸ್ಸು ನೋಯಿಸಬಾರದೆಂದು.

ಅಷ್ಟು ಸಾಕಾಯಿತು. "ಹಂಗಾರ ಆ ಗಟ್ಟಿದು ಹಾಕ್ರಿ. ಅದನ್ನ ಒತ್ತಿ ಹಿಡಿಯೂ ಪ್ಲೇಟೂ ಎರಡು ಸೈಜು ಮ್ಯಾಲಿಂದೇ ಇರ್ಲಿ. ಮಾರ್ಜಿನ್ ಇರಬೇಕು" ಎಂದೆ. "ಹಾಕೂಣ್ರಿ" ಎಂದರು.

ಹಾಕಿಸಿ ತಂದೆ. ಎಂಜಿನ್ನಿನ ಬಲ ಈಗ ಒಂದಿಷ್ಟೂ ಜಾರದೆ ಚಕ್ರಕ್ಕೆ ಹೋಗುತ್ತಿತ್ತು. ನನ್ನ ಎಡಗಾಲಿನ ಬಲವೂ ಒಂದಿಷ್ಟೂ ಉಳಿಯದೆ ಪೆಡಲ್ಲಿಗೆ ಹೋಗುತ್ತಿತ್ತು. ಯೂನಿಟ್ಟಿನ ಮುಂದೆ ನಿಲ್ಲಿಸಿ ಸರೋಜಳನ್ನು ಕರೆದೆ. ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿಕೊಂಡು ಕೂತಳು. ಪೆಡಲ್ ಒತ್ತಿದಳು. ಪೆಡಲ್ ಕೆಳಗೆ ಹೋಗಲಿಲ್ಲ, ಅವಳೇ ಸೀಟಿನಿಂದ ಮೇಲೆದ್ದಳು. ಹಲ್ಲು ಕಚ್ಚಿ ಮತ್ತೆ ಒತ್ತಿ, ಗೇರು ಹಾಕಿ, ಕಾಲು ಬಿಟ್ಟಳು. ಗಾಡಿ ಕಪ್ಪೆಯ ಹಾಗೆ ಒಂದು ನೆಗೆತ ನೆಗೆದು ನಿಂತುಹೋಯಿತು. ಇನ್ನೊಮ್ಮೆ. ಮತ್ತೊಮ್ಮೆ. ಒಳಗೆ ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು, ಕಿಟಕಿಯಲ್ಲಿ ತಲೆಗಳು ಕಂಡವು.

ಸರೋಜ ಇಳಿದು, ನೆರಿಗೆ ಸರಿಮಾಡಿಕೊಂಡು, ಮೆಲ್ಲಗೆ ಕೇಳಿದಳು: "ಗೊತ್ತಿಲ್ಲದೋರ ಪ್ಯಾಂಟ್ ಹೊಲ್ಯಕ್ಕೂ ಅಳತೆ ತಗಂತೀರ. ನನ್ ಕಾಲಿನ ಅಳತೆ ಯಾವಾಗ ತಗಂಡ್ರಿ?"

ಹೊಸ ಜೀನ್ಸೂ ಮೊದಮೊದಲು ಹೀಗೇ ಗಟ್ಟಿ, ತೊಟ್ಟು ತೊಟ್ಟು ಮೆತ್ತಗಾಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ನಂಬಿದೆ. ಅದನ್ನು ಮೆತ್ತಗೆ ಮಾಡುವ ಕೆಲಸವನ್ನು ವ್ರತದಂತೆ ಹಿಡಿದೆ. ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಗೆ, ಭಾನುವಾರ ಭೈರವಾನಿತಿಪ್ಪದ ಡ್ಯಾಮಿಗೆ. ಆಂಜನೇಯನಿಗೆ ನನ್ನ ಭಕ್ತಿಯ ಬಗ್ಗೆ ತಪ್ಪು ಕಲ್ಪನೆ ಬಂದಿರಬೇಕು. ಕ್ಲಚ್ ಕೂದಲೆಳೆಯಷ್ಟೂ ಮೆತ್ತಗಾಗಲಿಲ್ಲ. ನನ್ನ ಎಡ ಮೀನಖಂಡ ಮಾತ್ರ ದಪ್ಪವಾಗುತ್ತ ಬಂದು, ಪ್ಯಾಂಟಿನ ಎಡಗಾಲು ಬಿಗಿಯಾಯಿತು. ನಮ್ಮ ಕಟಿಂಗ್ ಮಾಸ್ತರು ಆ ಒಂದು ಕಾಲಿನ ಮಾರ್ಜಿನ್ ಬಿಚ್ಚಿ ಹೊಲಿದುಕೊಟ್ಟರು. "ಬಲಗಾಲಿಗೆ ಏನಾಗ್ಯದ್ರಿ, ಸೊರಗ್ಯದಲ್ಲ?" ಎಂದು ಮರುಕಪಟ್ಟರು.

ಗೃಹಪ್ರವೇಶದ ದಿನ ಬಂದೇಬಿಟ್ಟಿತು. ಗಾಡಿ ನಾನೇ ಓಡಿಸಿದೆ. ಸರೋಜ ಮಡಿಲಲ್ಲಿ ಹಣ್ಣಿನ ತಟ್ಟೆ ಇಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು. ಹೊಸ ಮನೆಯ ಮುಂದೆ ಕಾರು ನಿಂತಾಗ ತಿಪ್ಪೇಸ್ವಾಮಿ ರೇಷ್ಮೆ ಪಂಚೆಯಲ್ಲಿ ಓಡಿಬಂದು, ಮೊದಲು ನನ್ನನ್ನು, ಆಮೇಲೆ ಸ್ಟಿಯರಿಂಗನ್ನು ನೋಡಿ, "ಭಾವ, ನೀವೇ ಓಡಿಸ್ಕಂಡು ಬಂದ್ರಲ್ಲ, ಒಳ್ಳೇದಾತು ಬಿಡಿ. ಅಕ್ಕ ಫೋನ್‌ನಾಗೆ ತಾನೇ ಓಡಿಸ್ಕಂಡು ಬರ್ತೀನಿ ಅಂತ ಏನೇನೋ ಹೇಳಿದ್ಲು, ನಂಗೆ ಅವಾಗ್ಲೇ ಗೊತ್ತಿತ್ತು" ಎಂದು ನಕ್ಕ. ಸರೋಜಳೂ ನಕ್ಕಳು. ಆ ನಗು ನನಗೆ ಗೊತ್ತು. ಹರಿದ ಸೀರೆಯ ಸೆರಗನ್ನು ನೆಂಟರ ಮುಂದೆ ಮಡಚಿ ಹಿಡಿಯುವಾಗ ನಗುವ ನಗು. ಅವತ್ತು ನನಗೆ ಊಟ ಸೇರಲಿಲ್ಲ. ಅದಕ್ಕೆ ಅಡುಗೆಯವರು ಕಾರಣರಲ್ಲ.

ಮರುವಾರ ಸರೋಜಳನ್ನೇ ಮಾಬುಸಾಬರ ಹತ್ತಿರ ಕರೆದುಕೊಂಡು ಹೋದೆ. ಅವಳು ಯಾವುದನ್ನೂ ಉಜ್ಜಿ ನೋಡಲಿಲ್ಲ. ಶೆಡ್ಡಿನಲ್ಲಿ ನಿಂತಿದ್ದ ಬೇರೆ ಬೇರೆ ಗಾಡಿಗಳಲ್ಲಿ ಕೂತು, ಚಪ್ಪಲಿ ಬಿಟ್ಟು, ಕ್ಲಚ್ ಒತ್ತಿ ಬಿಟ್ಟು ನೋಡಿ, "ಇಷ್ಟು ಇದ್ರೆ ಸಾಕು" ಎಂದಳು. ಅಷ್ಟೇ ಹಗುರವಾಗಿ, ನಡುವಿನ ಪ್ಲೇಟು ಹಾಕಿಸಿದ್ದಾಯಿತು. ಮಾಬುಸಾಬರು ನನ್ನ ಕಡೆ ತಿರುಗಿ, "ಅಣ್ಣಾರ, ಮಾರ್ಜಿನ್?" ಎಂದರು. ನಾನು ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದೆ. ಹೊಸ ಕ್ಲಚ್ ಜಾರುವುದಿಲ್ಲ, ಅರಚುವುದಿಲ್ಲ, ಸರೋಜಳ ಕಾಲಿಗೆ ಬೆಣ್ಣೆ. ನನ್ನ ಕಾಲಿಗೆ ಮಾತ್ರ ಅದು ಸಿಗುವುದೇ ಇಲ್ಲ. ಹಳೆಯ ಅಭ್ಯಾಸದಲ್ಲಿ ದಬಕ್ಕನೆ ತುಳಿಯುತ್ತೇನೆ, ಪಟಕ್ಕನೆ ಬಿಡುತ್ತೇನೆ, ಕಪ್ಪೆ ನೆಗೆಯುತ್ತದೆ.

ಕಳೆದ ತಿಂಗಳು ಸರೋಜ ಮಡಕಶಿರಾದವರೆಗೂ ತಾನೇ ಓಡಿಸಿದಳು. ತವರಿನ ಬೀದಿಗೆ ಕಾರು ತಿರುಗಿಸಿದಾಗ ಬಿಸಿಲಿಗೆ ಹೆದರಿ ಒಂದು ನರಪಿಳ್ಳೆಯೂ ಹೊರಗಿರಲಿಲ್ಲ. ಅವಳು ತಮ್ಮನ ಮನೆಯನ್ನು ದಾಟಿ ಹೋದಳು, ಬೀದಿಯ ಕೊನೆಯಲ್ಲಿ ತಿರುಗಿಸಿಕೊಂಡು ಬಂದಳು, ಹಾರ್ನ್ ಹೊಡೆದಳು, ಮತ್ತೆ ದಾಟಿ ಹೋದಳು. ಸುತ್ತು ಹಾಕುತ್ತಲೇ ಇದ್ದಳು. ನಾನು ಪಕ್ಕದಲ್ಲಿ ಕೂತು ಖಾಲಿ ನೆಲವನ್ನು ಎಡಗಾಲಿನಿಂದ ಒತ್ತುತ್ತಿದ್ದೆ. ಕೊನೆಗೆ ತಿಪ್ಪೇಸ್ವಾಮಿ ಹೆಗಲಿಗೆ ಟವೆಲ್ ಹಾಕಿಕೊಂಡು ಕಣ್ಣುಜ್ಜುತ್ತ ಹೊರಗೆ ಬಂದ. ಸರೋಜ ಅವನ ಕಾಲ ಮುಂದೆಯೇ ಕಾರನ್ನು ತಂದು, ಒಂದು ಚೂರೂ ಅಲುಗದಂತೆ ನಿಲ್ಲಿಸಿದಳು.

ಅವನು ಅವಳನ್ನು ನೋಡಿದ, ಸ್ಟಿಯರಿಂಗನ್ನು ನೋಡಿದ, ಆಮೇಲೆ ಗಾಬರಿಯಿಂದ ಈ ಕಡೆಗೆ ಬಂದು ನನ್ನ ಕಿಟಕಿಗೆ ಬಗ್ಗಿದ. "ಯಾಕೆ ಭಾವ, ಕಾಲಿಗೇನಾತು?"

ಸರೋಜ ಮುಂದೆ ನೋಡುತ್ತ ಕೂತಿದ್ದಳು. ನಾನು ಏನು ಹೇಳುತ್ತೇನೆಂದು ಕೇಳಿಸಿಕೊಳ್ಳುತ್ತಿದ್ದಳು.

"ಕಾಲಿಗೇನೂ ಆಗಿಲ್ಲಪ್ಪ. ನನಗ ಈ ಕ್ಲಚ್ಚಿನ ಗಾಡಿ ಓಡಿಸಾಕ ಬರಂಗಿಲ್ಲ" ಎಂದೆ.

ತಿಪ್ಪೇಸ್ವಾಮಿಯ ಬಳಿ ಇದಕ್ಕೆ ಯಾವ ಅಭಿಪ್ರಾಯವೂ ಸ್ಟಾಕಿನಲ್ಲಿರಲಿಲ್ಲ. ಹೆಗಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಸರೋಜ ಬಾಗಿಲು ತೆಗೆದು ಇಳಿದು, ಸೆರಗು ಕೊಡವಿಕೊಂಡು, ಅವನ ಬೆನ್ನು ತಟ್ಟಿ ಒಳಗೆ ನಡೆದಳು.

"ಭಾವನ್ನ ಏನೂ ಅನ್ಬೇಡ ಕಣೋ," ಎನ್ನುತ್ತಿದ್ದಳು. "ಹೋಗ್ತಾ ಹೋಗ್ತಾ ಕಲ್ತ್ಕಂತಾರೆ."