ಎರಡೇ ಸೀಟು

ಹೊಟ್ಟೆಗಾಗಿ ಹಿಡಿದ ಕಸುಬು ನಿಧಾನವಾಗಿ ಮನುಷ್ಯನ ಮೈಯೊಳಗೇ ಮನೆ ಮಾಡಿಬಿಡುತ್ತದೆ. ನಮ್ಮ ಸಿಂಧನೂರಿನ ಚಹಾದಂಗಡಿಯ ಬಸಣ್ಣ ಮನೆಯಲ್ಲಿ ನೀರು ಕುಡಿಯುವಾಗಲೂ ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಾನಂತೆ. ಅದರಿಂದ ನೆಲ ಒದ್ದೆಯಾದೀತು, ಅಷ್ಟೆ. ನನ್ನ ಕಸುಬು ಒಡಹುಟ್ಟಿದ ಅಣ್ಣನ ರಾಜ್ಯವನ್ನೇ ಕಳೆಯಿತು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬಸ್ ನಿಲ್ದಾಣದ ಹೊರಗೆ ನಿಂತು ಕ್ರೂಸರ್ ಗಾಡಿಗೆ ಜನರನ್ನು ಕೂಗಿ ಕರೆಯುವುದು ನನ್ನ ಕೆಲಸ. 'ಮಸ್ಕಿ, ಲಿಂಗಸುಗೂರು! ಎರಡೇ ಸೀಟು!' ಗಾಡಿ ಪೂರಾ ಖಾಲಿಯಿದ್ದರೂ ಎರಡೇ ಸೀಟು. ಮೂರು ಎಂದು ನಾನು ಯಾವತ್ತೂ ಕೂಗಿದ್ದಿಲ್ಲ. ಅಣ್ಣ ಈರಣ್ಣ ದರ್ಜಿ. ನಾಟಕ ಕಂಪನಿ ಊರಿಗೆ ಬಂದು ತಗಡಿನ ಥೇಟರು ಎಬ್ಬಿಸಿದಾಗಲೆಲ್ಲ ರಾಜರ ಅಂಗಿ ಹೊಲಿಯುವವನು ಅವನೇ. ಹೊಲಿಯುತ್ತ ಹೊಲಿಯುತ್ತ ರಾಜರ ಮಾತೆಲ್ಲ ಬಾಯಿಪಾಠವಾಗಿ, ತಾನೂ ಒಮ್ಮೆ ಆ ಅಂಗಿ ತೊಡಬೇಕೆಂಬ ಆಸೆ ಹುಟ್ಟಿತ್ತು.

ಈ ಸಲ ರಾಜನ ಪಾತ್ರದವನು ಕಂಪನಿ ಬಿಟ್ಟುಹೋದ. ಮಧ್ಯಾಹ್ನದ ಆಟಕ್ಕೆ ಮಾಲೀಕರು ಅಣ್ಣನನ್ನು ನಿಲ್ಲಿಸಿ, 'ಇವತ್ತು ಮಂದಿ ಕಣ್ಣಾಗ ನೀರು ತರಸಿದ್ರ ಪಾತ್ರ ನಿಂದ ನೋಡಪಾ. ಇಲ್ಲಾಂದ್ರ ನಿನ್ನ ಮಷಿನ್ ಐತಿ' ಎಂದರು. ಅಣ್ಣ ಓಡಿ ಬಂದು ನನ್ನ ಕೈ ಹಿಡಿದ. 'ತಮ್ಮಾ, ನಾಟಕದ ಪುಸ್ತಕ ಹಿಡ್ಕೊಂಡು ಪರದಿ ಮರ್ಯಾಗ ಕುಂದ್ರು. ನಾ ಮರತ್ರ ಮಾತು ಎತ್ತಿಕೊಡು ಲೇ. ಎಂಥಾ ಗದ್ದಲದಾಗೂ ನಿನ್ನ ದನಿ ನನ್ನ ಕಿವಿಗೆ ಮುಟ್ಟತೈತಿ.'

ಪರದೆಯ ಮರೆಯ ಲೋಕ ಎಂಥದ್ದು! ಕೆಂಪು, ಹಸಿರು ಬೆಳಕು ಧೂಳಿನೊಳಗೆ ತೇಲುತ್ತಿತ್ತು. ತಗಡಿನಾಚೆ ಅಕ್ಕಿ ಗಿರಣಿಯ ಸದ್ದು, ಬಸ್ಸಿನ ಹಾರ್ನು, ಈಚೆ ಹಾರ್ಮೋನಿಯಂ. ಎಲ್ಲ ಕಲೆತು, ಊರು ನಾಟಕದೊಳಗಿದೆಯೋ ನಾಟಕ ಊರೊಳಗಿದೆಯೋ ತಿಳಿಯದಂತಾಯಿತು. ಅಣ್ಣ ಒಂದು ಮಾತನ್ನೂ ಮರೆಯಲಿಲ್ಲ. ಪುಸ್ತಕದ ಸಾಲಿನ ಮೇಲಿದ್ದ ನನ್ನ ಬೆರಳು ಎಲ್ಲಿ ನಿಂತಿತೋ, ಕಣ್ಣು ಯಾವಾಗ ಮುಚ್ಚಿತೋ. ರಾಜಬೀದಿಯಲ್ಲಿ ಕ್ರೂಸರ್‌ಗಳು ಆನೆಗಳಂತೆ ತೂಗುತ್ತ ಬರುತ್ತಿದ್ದವು. ದೂರದಲ್ಲಿ ಯಾರೋ ದುಃಖದಿಂದ, 'ಅಯ್ಯೋ ವಿಧಿಯೇ, ನಾನಿನ್ನು ಎಲ್ಲಿಗೆ ಹೋಗಲಿ?' ಎಂದು ಕೇಳಿದರು.

'ಮಸ್ಕಿ, ಲಿಂಗಸುಗೂರು! ಎರಡೇ ಸೀಟು!'

ಆ ದನಿ ನನ್ನದೆಂದು ತಿಳಿಯುವಷ್ಟರಲ್ಲಿ ಥೇಟರೆಲ್ಲ ನಗುತ್ತಿತ್ತು. 'ರಾಜಾ, ಕಿಡಕಿ ಕಡೆ ಕುಂದ್ರಪೋ!' ಎಂದು ಹಿಂದಿನಿಂದ ಒಬ್ಬ ಕೂಗಿದ. ಜನರ ಕಣ್ಣಲ್ಲಿ ನೀರೇನೋ ಬಂತು, ನಕ್ಕು ನಕ್ಕು. ಅಣ್ಣ ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ನಿಂತಿದ್ದ.

ಮರುದಿನ ಅವನು ಮಷಿನ್ನಿಗೆ ಮರಳಿದ. ನನ್ನೊಡನೆ ಮಾತು ಬಿಟ್ಟ. ತಪ್ಪಾಯಿತೆನ್ನಲು ಎಷ್ಟೋ ಸಲ ಹೋದೆ; ಆದರೆ ಬಾಯಿ ತೆರೆದರೆ ಏನು ಬಂದೀತೋ ಎಂದು ನನಗೇ ಭಯ. ನಾನು ತೊಡುವ ಅಂಗಿಯೂ ಅವನು ಹೊಲಿದದ್ದೇ. ಗುಂಡಿ ಹಾಕುವಾಗಲೆಲ್ಲ ಚುಚ್ಚುತ್ತದೆ.

ಮೊನ್ನೆ ಕಂಪನಿ ಲಿಂಗಸುಗೂರಿಗೆ ಹೋಯಿತು. ಅಣ್ಣ ರಾಜರ ಅಂಗಿಗಳ ಗಂಟು ಹೊತ್ತು ನನ್ನ ಗಾಡಿಯ ಮುಂದೆಯೇ ಬಂದು ನಿಂತ. ಕೂಗಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಚಾಲಕ ಹಾರ್ನು ಒತ್ತುತ್ತಿದ್ದ. ಅಣ್ಣ ಗಂಟನ್ನು ಇನ್ನೊಂದು ಭುಜಕ್ಕೆ ಬದಲಿಸಿ, ನನ್ನ ಕಿವಿಯ ಹತ್ತಿರ ಬಂದ.

'ಮಸ್ಕಿ, ಲಿಂಗಸುಗೂರು... ಎರಡ ಸೀಟು. ಅನ್ನು ಲೇ.'

ಪಕ್ಕದವರಿಗೂ ಕೇಳಿಸಲಿಲ್ಲ. ಮಾತು ಎತ್ತಿಕೊಡುವುದೆಂದರೆ ಹೀಗೆ ಎಂದು ಆಗ ತಿಳಿಯಿತು. ಅವನು ಖಾಲಿ ಗಾಡಿ ಹತ್ತಿ ಕಿಟಕಿಯ ಕಡೆ ಕುಳಿತ. ನಾನೋ, ಅವನು ಕುಳಿತ ಮೇಲೂ 'ಎರಡೇ ಸೀಟು' ಎಂದೇ ಕೂಗಿದೆ.