ಹೊಗೆ ತೆಗೆದ ಫೋಟೋ

ನಿತ್ಯದೃಶ್ಯ ನಿರ್ವಹಣಾ ಕೋಶವು ಯಾದಗಿರಿಯಲ್ಲಿ ಆರಂಭವಾದ ದಿನದಿಂದ ಜಿಲ್ಲೆಯ ದಿನನಿತ್ಯದ ಬದುಕು ಗಣನೀಯವಾಗಿ ಸುಧಾರಿಸಿದೆ. ಇದಕ್ಕೆ ಫೋಟೋ ಸಾಕ್ಷಿ ಇದೆ. ಸುಧಾರಣೆ ತಮಗೆ ಕಾಣುತ್ತಿಲ್ಲ ಎಂದು ಕೆಲವರು ದೂರಿದ್ದಾರೆ. ಅಂಥವರು ಬೀದಿಯಲ್ಲಿ ನಿಂತು ನೋಡುತ್ತಿದ್ದಾರೆ, ಕಡತ ತೆರೆದು ನೋಡುತ್ತಿಲ್ಲ. ಸದರಿ ಕೋಶದ ದ್ವಿತೀಯ ದರ್ಜೆ ಸಹಾಯಕನಾದ ನಾನು, ಬಸವಲಿಂಗ, ಆ ಕಡತಗಳಿಗೆ ದಾರ ಕಟ್ಟುವವನಾದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಕೋಶದ ಕೆಲಸ ಸರಳವಾದದ್ದು. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಜನರ ಬದುಕನ್ನು ಇದ್ದ ಹಾಗೆ ಫೋಟೋ ತೆಗೆಸುವುದು, ಬಳಿಕ ಇರಬೇಕಾದ ಹಾಗೆ ಕಂಪ್ಯೂಟರಿನಲ್ಲಿ ತಿದ್ದಿಸುವುದು, ಮುದ್ರೆ ಒತ್ತಿ ಮೇಲಕ್ಕೆ ಕಳಿಸುವುದು. ನಿಯಮ ನಾಲ್ಕರ ಪ್ರಕಾರ ಕ್ಯಾಮೆರಾದಲ್ಲಿ ಬಿದ್ದದ್ದು 'ಕಚ್ಚಾ ದೃಶ್ಯ'. ತಿದ್ದಿ ಮುದ್ರೆ ಬಿದ್ದ ಮೇಲೆ ಅದು 'ನೈಜ ದೃಶ್ಯ'. ನಿಯಮ ಐದು ಇನ್ನೂ ಸ್ಪಷ್ಟವಾಗಿದೆ: "ನೈಜ ದೃಶ್ಯಕ್ಕೂ ಸ್ಥಳಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ಸ್ಥಳವನ್ನು ತಿದ್ದತಕ್ಕದ್ದು."

ಮೊದಲ ವರ್ಷ ಸಣ್ಣಪುಟ್ಟ ತೊಂದರೆಗಳಿದ್ದವು. ಬೋನಾಳ ಕೆರೆಯಿಂದ ಬಂದ ಫೋಟೋದಲ್ಲಿ ಹಕ್ಕಿಗಳು ಇಲಾಖೆಗೆ ಬೆನ್ನು ತೋರಿಸಿ ಕುಳಿತಿದ್ದವು, ಹಿಂದಿರುಗಿಸಿದೆವು. ವಡಗೇರಾದ ಟಂಟಂ ಗಾಡಿಯ ಹೊರಗೆ ಏಳು ಜನ ಜೋತುಬಿದ್ದಿದ್ದರು. ಅವರನ್ನು ಅಳಿಸುವ ಭರದಲ್ಲಿ ಚಾಲಕನೂ ಅಳಿಸಿಹೋದ. ಚಾಲಕನಿಲ್ಲದೆ ಓಡುತ್ತಿದ್ದ ಆ ಗಾಡಿಯನ್ನು ತಾಂತ್ರಿಕ ಪ್ರಗತಿ ಶೀರ್ಷಿಕೆಯಡಿ ಸೇರಿಸಿದೆವು, ಮೇಲಿನಿಂದ ಪ್ರಶಂಸೆ ಬಂತು.

ಈಗ ಹೇಳುತ್ತಿರುವುದು ಶಹಾಪುರದ ಫೋಟೋದ ವಿಷಯ.

ನನ್ನ ಮನೆ ಶಹಾಪುರದಲ್ಲಿ. ದಿನಾ ಯಾದಗಿರಿ ಬಸ್ಸು ಹತ್ತುವ ಮುಂಚೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಮೌನಮ್ಮನ ಹತ್ತಿರ ಬಿಸಿ ಮಿರ್ಚಿ ಭಜಿ ತಿನ್ನುವುದು ನನ್ನ ರೂಢಿ. ಇಪ್ಪತ್ತೆರಡು ವರ್ಷಗಳಿಂದ ಅವಳು ಅಲ್ಲೇ ಒಲೆ ಹೂಡುತ್ತಿದ್ದಳು. ಗಂಡ ತೀರಿಹೋದ ಮೇಲೆ ಮನೆ ನಡೆದದ್ದು ಆ ಒಲೆಯಿಂದ, ಮಗಳು ಪವಿತ್ರಾ ಸುರಪುರದಲ್ಲಿ ನರ್ಸಿಂಗ್ ಓದುತ್ತಿರುವುದೂ ಆ ಒಲೆಯಿಂದಲೇ. ಒಂದು ಬೆಳಿಗ್ಗೆ ನಾವು ಆರು ಜನ ಗಿರಾಕಿಗಳು ನಿಂತು ತಿನ್ನುತ್ತಿದ್ದಾಗ ಕೋಶದ ಗುತ್ತಿಗೆ ಫೋಟೋಗ್ರಾಫರ್ ಅಜೀಮ ನಮ್ಮ ಫೋಟೋ ತೆಗೆದ. ಚೆಂದದ ಫೋಟೋ. ನಾನು ಬಾಯಿ ತೆರೆದಿದ್ದೆ, ಮಿರ್ಚಿ ಬಾಯಿಯ ಹತ್ತಿರ ಬಂದಿತ್ತು.

ಅಜೀಮನ ಸ್ಟುಡಿಯೋದಲ್ಲಿ ನಮ್ಮ ಕೋಶದ ಮೇಲ್ವಿಚಾರಕ ಸಂಗಮನಾಥ ಸಾಹೇಬರು ಕಂಪ್ಯೂಟರಿನ ಮುಂದೆ ಕುಳಿತು ಅದನ್ನು ಪರಿಶೀಲಿಸಿದರು. ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

"ಬುದ್ಧ ಮಲಗಿದ ಬೆಟ್ಟ ಎಲ್ಲಿ ಅದನೋ?" ಎಂದು ಸಾಹೇಬರು ಕೇಳಿದರು.

"ಹಿಂದೇ ಅದರಿ. ಒಲಿ ಹೊಗಿ ಅಡ್ಡ ಬಂದದ."

"ಹೊಗಿ ತಗಿ."

ಅಜೀಮ ಹೊಗೆ ತೆಗೆದ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಕಂಡಿತು. ಆದರೆ ಹೊಗೆಯಿಲ್ಲದ ಒಲೆ ಆರಿಹೋದಂತೆ ಕಾಣುತ್ತಿತ್ತು, ಆರಿದ ಒಲೆ ಬಡತನದ ಸಂಕೇತವೆಂದು ಸಾಹೇಬರಿಗೆ ಅನ್ನಿಸಿತು. ಒಲೆಯನ್ನೂ ತೆಗೆಸಿದರು. ಒಲೆ ಹೋದ ಮೇಲೆ ಮೌನಮ್ಮ ಖಾಲಿ ನೆಲದ ಮುಂದೆ ಸೌಟು ಎತ್ತಿ ಕುಳಿತವಳಾದಳು.

"ಈ ಹೆಣ್ಮಗಳು ಯಾರಿಗಿ ಹೊಡ್ಯಾಕ ಕುಂತಾಳ?" ಎಂದರು ಸಾಹೇಬರು. "ತಗಿ."

ಅಜೀಮ ಮೌಸಿನಿಂದ ಕೈ ತೆಗೆದ. "ಸಾಹೇಬ್ರ, ಅಕ್ಕನ ಕೈಯಾಂದು ದಿನಾ ತಿಂತೀನ್ರಿ."

"ನಿನಗ ತಿನಬ್ಯಾಡ ಅಂತ ಯಾರ ಅಂದಾರ? ಫೋಟೋದಾಗಿಂದು ತಗಿ ಅಂದೀನಿ."

ಮೌನಮ್ಮ ಹೋದಳು. ಉಳಿದ ನಾವು ಆರು ಜನ ಎಲ್ಲಿಂದಲೋ ಬಂದ ಮಿರ್ಚಿ ತಿನ್ನುತ್ತಾ ನಿಂತೆವು. ಇದು ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆಂದು ಮಿರ್ಚಿಯನ್ನೂ ತೆಗೆಸಿ, ಅದರ ಜಾಗದಲ್ಲಿ ಪುಸ್ತಕ ಇಡಲು ಆದೇಶವಾಯಿತು. ಅಜೀಮನ ಕಂಪ್ಯೂಟರಿನಲ್ಲಿ ಪುಸ್ತಕದ ಚಿತ್ರ ಇರಲಿಲ್ಲ. ಅವನದು ಮದುವೆ ಸ್ಟುಡಿಯೋ. ಇದ್ದದ್ದು ಚಿನ್ನದ ಬಣ್ಣದ ಅಂಚಿನ ಮದುವೆ ಆಲ್ಬಮ್ಮಿನ ಚಿತ್ರವೊಂದೇ. ಅದನ್ನೇ ಆರು ಸಲ ಅಂಟಿಸಿದ. ಸಾಹೇಬರು ಮುದ್ರೆ ಒತ್ತಿದರು. "ಶಹಾಪುರದ ಮುಂಜಾವು: ಓದುವ ಜನ" ಎಂದು ಶೀರ್ಷಿಕೆ ಬರೆದವನು ನಾನೇ.

ಫೋಟೋಕ್ಕೆ ಪ್ರಥಮ ಬಹುಮಾನ ಬಂತು. ಅದರ ಬೆನ್ನಿಗೇ ಬೆಂಗಳೂರಿನಿಂದ ಪರಿಶೀಲನಾ ಸಮಿತಿ ಬರುವ ಪತ್ರವೂ ಬಂತು. ಓದುವ ಜನರನ್ನು ಅವರು ಸ್ಥಳದಲ್ಲೇ ಕಾಣಬೇಕಂತೆ.

ನಿಯಮ ಐದು ತಾನಾಗಿ ಜಾರಿಯಾಯಿತು. ಅಳತೆ ಪಟ್ಟಿ, ಫೋಟೋ ಎರಡನ್ನೂ ಹಿಡಿದು ಬೇವಿನ ಮರದ ಕೆಳಗೆ ಹೋದೆವು. ಫೋಟೋದಲ್ಲಿ ಇಲ್ಲದ ವಸ್ತುಗಳ ಪಟ್ಟಿ ಮಾಡಿದೆ: ಒಲೆ ಒಂದು, ಕಡಾಯಿ ಒಂದು, ಹಿಟ್ಟಿನ ಬೋಗುಣಿ ಒಂದು, ಮೌನಮ್ಮ ಒಬ್ಬಳು.

"ಬಸವಲಿಂಗಪ್ಪಾ, ಏನ್ ಬರ್ಯಾಕತ್ತಿ?" ಎಂದು ಮೌನಮ್ಮ ಕೇಳಿದಳು. ರೂಢಿಯಂತೆ ಎರಡು ಮಿರ್ಚಿ ಪೇಪರಿನಲ್ಲಿಟ್ಟು ಕೊಟ್ಟಳು. ನಾನು ತೆಗೆದುಕೊಂಡೆ.

"ನೀವು ಫೋಟೋದಾಗ ಇಲ್ಲಬೇ," ಎಂದೆ.

"ಇಲ್ಲೇ ಕುಂತೀನಲ್ಲ!"

"ಅದಕ್ಕಽ ನೋಡ್ರಿ ತೊಂದ್ರಿ ಬಂದಿದ್ದು."

ಅವಳು ಸೌಟು ಕೆಳಗಿಟ್ಟಳು. ನನ್ನ ಕೈಯಿಂದ ಫೋಟೋ ಇಸಿದುಕೊಂಡು ಬೆರಳಿನಿಂದ ತನ್ನ ಜಾಗ ಸವರಿದಳು. "ಇದು ನೀ, ಇದು ಹುಲಗಪ್ಪ... ಎಲ್ಲಾರೂ ಇದ್ದೀರಿ. ಇಪ್ಪತ್ತೆರಡು ವರ್ಷ ತಿಂದವ್ರು ಇದ್ದೀರಿ, ಕರದಾಕಿ ಇಲ್ಲಾ?" ನನಗೆ ನಿಜಕ್ಕೂ ನಾಚಿಕೆಯಾಯಿತು. ನಮ್ಮ ನಮೂನೆಯಲ್ಲಿ ನಾಚಿಕೆಗೆ ಕಾಲಂ ಇಲ್ಲದ್ದರಿಂದ ದಾಖಲಿಸಲಿಲ್ಲ. ಮಧ್ಯಾಹ್ನದೊಳಗೆ ಸ್ಥಳವನ್ನು ತಿದ್ದಲಾಯಿತು. ಕಡಾಯಿಯ ಎಣ್ಣೆ ಇನ್ನೂ ಬಿಸಿಯಾಗಿದ್ದರಿಂದ ಅದನ್ನು ಗಾಡಿಗೆ ಏರಿಸುವುದು ಸ್ವಲ್ಪ ಕಷ್ಟವಾಯಿತು.

ಮೌನಮ್ಮ ಅರ್ಜಿ ಹಾಕಿದಳು. ಅಜೀಮನಿಂದ ತಿದ್ದುವ ಮೊದಲಿನ ಫೋಟೋ ಅಚ್ಚು ಹಾಕಿಸಿಕೊಂಡು, ತಾನಿದ್ದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ ತಂದಳು. ಕೋಶದ ಉತ್ತರವನ್ನು ನಾನು ಹೀಗೆ ಬರೆದೆ: "ಅರ್ಜಿದಾರರು ಲಗತ್ತಿಸಿರುವುದು ಕಚ್ಚಾ ದೃಶ್ಯವಾಗಿದ್ದು, ಸದರಿ ದೃಶ್ಯದಲ್ಲಿನ ವ್ಯಕ್ತಿಗಳು ಪರಿಗಣನೆಗೆ ಬರುವುದಿಲ್ಲ. ತಾವು ಇದ್ದುದಕ್ಕೆ ನೈಜ ದೃಶ್ಯದ ದಾಖಲೆ ಒದಗಿಸಿದಲ್ಲಿ, ತಾವು ಇರುವ ಬಗ್ಗೆ ಪರಿಶೀಲಿಸಲಾಗುವುದು."

ಇತ್ತ ಓದುವ ಜನರ ತಾಲೀಮು ಶುರುವಾಯಿತು. ಆರೂ ಜನಕ್ಕೆ ನೋಟಿಸು ಬಂತು. ಫೋಟೋದಲ್ಲಿ ನಿಂತ ಜಾಗದಲ್ಲೇ ದಿನಾ ಬೆಳಿಗ್ಗೆ ಒಂದು ತಾಸು ನಿಲ್ಲಬೇಕು. ಅಜೀಮನ ಸ್ಟುಡಿಯೋದಲ್ಲಿ ಯಾರೂ ಬಂದು ಒಯ್ಯದ ಮದುವೆ ಆಲ್ಬಮ್ಮುಗಳು ಬಹಳ ಇದ್ದವು, ಅವನ್ನು ಹಂಚಲಾಯಿತು. ನಾನು ಬಾಯಿ ತೆರೆದೇ ಓದಬೇಕಾಗಿತ್ತು. ಬಾಯಿತುಂಬ ಮಿರ್ಚಿ ಇಟ್ಟುಕೊಂಡಾಗ ಫೋಟೋದಲ್ಲಿ ಸಿಕ್ಕ ಹುಲಗಪ್ಪನದು ಕೆನ್ನೆ ಉಬ್ಬಿಸಿಕೊಂಡು ಓದುವ ಕೆಲಸ. ಹೊಟ್ಟೆ ಹಸಿಯುತ್ತಿತ್ತು, ಎದುರಿನ ಪುಟದಲ್ಲಿ ಯಾರದೋ ಬೀಗರು ಉಣ್ಣುತ್ತಿದ್ದರು.

ನಾಲ್ಕನೆಯ ದಿನ ಮೌನಮ್ಮ ಸ್ಟುಡಿಯೋಕ್ಕೆ ಹೋದಳು. ಮುಂದಿನದನ್ನು ಅಜೀಮ ನನಗೆ ಹೇಳಿದ.

"ತಮ್ಮಾ, ಅಳಿಸಿದಾಂವ ನೀ. ಹೊಳ್ಳಿ ಕುಂದರ್ಸು."

"ಒಲಿ ಸಂಗಾಟ ಕುಂದರ್ಸಿದ್ರ ಸಾಹೇಬ್ರು ಮುದ್ರಿ ಹಾಕಂಗಿಲ್ಲಕ್ಕಾ."

"ಒಲಿ ಬಿಡು. ನನ್ನಷ್ಟಽ ಕುಂದರ್ಸು. ಮಗಳ ಫೀಜು ಕಟ್ಟೂದದ."

ಅಜೀಮ ಅವಳನ್ನು ಮತ್ತೆ ಫೋಟೋದಲ್ಲಿ ಕೂರಿಸಿದ. ಕೈಯಲ್ಲಿದ್ದ ಸೌಟು ತೆಗೆದು ಏಳನೆಯ ಆಲ್ಬಮ್ ಕೊಟ್ಟ. ಮಹಿಳಾ ಓದುಗರ ಕೊರತೆಯ ಬಗ್ಗೆ ಮೇಲಿನಿಂದ ಆಗಲೇ ಆಕ್ಷೇಪಣೆ ಬಂದಿದ್ದರಿಂದ ಸಂಗಮನಾಥ ಸಾಹೇಬರು ಸಂತೋಷದಿಂದ ಮುದ್ರೆ ಒತ್ತಿ, ಹಿಂದಿನ ಫೋಟೋದ ಬದಲು ಇದನ್ನು ಮೇಲಕ್ಕೆ ಕಳಿಸಿದರು. ಮೌನಮ್ಮ ನೈಜಳಾದಳು. 'ನಿತ್ಯ ಓದುಗಿ' ಎಂಬ ಹುದ್ದೆ ಸೃಷ್ಟಿಸಿ ಗೌರವಧನ ಮಂಜೂರು ಮಾಡಲಾಯಿತು. ಅದು ಮಿರ್ಚಿಯಿಂದ ಬರುತ್ತಿದ್ದಷ್ಟು ಇರಲಿಲ್ಲ, ಆದರೆ ಬರುತ್ತಿತ್ತು. ಷರತ್ತು ಒಂದೇ: ಫೋಟೋ ಸುಳ್ಳೆಂದು ಸಾಬೀತಾದರೆ ಹುದ್ದೆಯೂ ಜಾಗವೂ ರದ್ದು. ಹೆಬ್ಬೆಟ್ಟು ಒತ್ತಿ ಅವಳು ಬೇವಿನ ಮರದ ಕೆಳಗೆ ತನ್ನ ಹಳೆಯ ಜಾಗದಲ್ಲೇ ಆಲ್ಬಮ್ ತೆರೆದು ಕುಳಿತಳು.

ಸಮಿತಿ ಬಂತು. ಅಧ್ಯಕ್ಷೆ ಗುರುದೇವಿಯವರು ಕಾರಿನಿಂದಿಳಿದು ಫೋಟೋ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೌನಮ್ಮನ ಹತ್ತಿರ ಬಂದು, "ಏನ್ ಓದಾಕತ್ತೀರಿ?" ಎಂದು ಕೇಳಿದರು.

"ಮದುವಿ ನಡದದ್ರಿ. ಈಗ ಅಕ್ಕಿಕಾಳು ಬಿದ್ದಾವು."

ಗುರುದೇವಿಯವರು ನಕ್ಕರು. ಆಮೇಲೆ ಮರವನ್ನು, ನೆಲವನ್ನು, ಮೌನಮ್ಮನ ಮುಖವನ್ನು ನಿಧಾನವಾಗಿ ನೋಡಿದರು. "ನಾ ಇದೇ ಊರಾಗ ಕಾಲೇಜ್ ಓದಿದಾಕಿ. ಈ ಗಿಡದ ಬುಡಕ ಒಬ್ಬಾಕಿ ಮಿರ್ಚಿ ಕರೀತಿದ್ಳು. ಪರೀಕ್ಷೆ ದಿನ ನನಗ ಒಂದು ಜಾಸ್ತಿ ಕೊಡ್ತಿದ್ಳು. ನೀವಽ ಅಲ್ಲೇನ್ರಿ ಅದು?"

ಸಂಗಮನಾಥ ಸಾಹೇಬರು ಕರವಸ್ತ್ರ ತೆಗೆದರು. ಅಜೀಮ ನೆಲ ನೋಡಿದ. ಹೌದೆಂದು ಹೇಳಬಹುದಾದ ಆರು ಜನ ನಾವು ಅಲ್ಲೇ ಇದ್ದೆವು, ಆಲ್ಬಮ್ಮಿನಿಂದ ತಲೆ ಎತ್ತಲಿಲ್ಲ.

ಮೌನಮ್ಮ ಪುಟ ತಿರುವಿದಳು.

"ಇಲ್ರಿ ಮೇಡಂ. ಇಲ್ಲಿ ಅಂಥಾಕಿ ಯಾರೂ ಇದ್ದಿಲ್ರಿ. ಮೊದಲಿಂದ ಓದೋರಽ ಇದ್ದೇವು."

"ಹಂಗಾರ ನನಗಽ ಮರ್ತಿರಬೇಕು," ಎಂದರು ಗುರುದೇವಿಯವರು. ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಅಧ್ಯಕ್ಷರ ನೆನಪಿಗೂ ನೈಜ ದೃಶ್ಯಕ್ಕೂ ವ್ಯತ್ಯಾಸ ಕಂಡುಬಂದಿದ್ದು, ನೆನಪನ್ನು ಸ್ಥಳದಲ್ಲೇ ತಿದ್ದಿಕೊಳ್ಳಲಾಗಿದೆ ಎಂದು ಬರೆದು ಸಹಿ ಹಾಕಿದರು. ಸಾಕ್ಷಿಯಾಗಿ ಮೌನಮ್ಮನ ಹೆಬ್ಬೆಟ್ಟು ತೆಗೆದುಕೊಳ್ಳಲಾಯಿತು.