ಹತ್ತು ಲಕ್ಷ ಸಾಲುಗಳ ಭಾನುವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ಮ್ಯಾಕ್ರೊವನ್ನು ಮೊದಲ ಭಾನುವಾರವೇ ಸರಿಮಾಡಿದ್ದೆನೋ, ಸರಿಮಾಡಿದೆ ಅಂದುಕೊಂಡೆನೋ? ನಮ್ಮ ಚಿಕ್ಕಪ್ಪನ ಜೊತೆ ಎರಡು ವರ್ಷ ವಾದ ಮಾಡಿದರೆ ಯಾರಿಗಾದರೂ ತಮ್ಮ ಹೆಸರಿನ ಮೇಲೂ ಅನುಮಾನ ಬರುತ್ತದೆ!

ಜಯನಗರದ ಈ ಮಹಾನುಭಾವರು ಇನ್ನೂರು ಚಿಲ್ಲರೆ ನೆಂಟರ ಜನ್ಮಮಾಸ, ಜನ್ಮನಕ್ಷತ್ರಗಳನ್ನು ಸ್ಪ್ರೆಡ್‌ಶೀಟಿಗೆ ತುಂಬಿದ್ದರು. ಗುಂಡಿ ಒತ್ತಿದರೆ ಮ್ಯಾಕ್ರೊ, ಅಂದರೆ ಅವರೇ ಬರೆದಿಟ್ಟ ಆಜ್ಞೆಗಳ ಸರಣಿ, ಆ ವಾರ ಯಾರ ಯಾರ ಹುಟ್ಟುಹಬ್ಬ ಎಂದು ಪಟ್ಟಿ ಕೊಡಬೇಕು. ಇವರು ಫೋನ್ ಮಾಡಿ ಹರಸಬೇಕು. ಒತ್ತಿದರೆ ಪರದೆಯೇ ಕಲ್ಲು!

ಸರಿಮಾಡಲು ಹುಳಿಮಾವಿನ ನನ್ನ ಮನೆಯಿಂದ ನಾನು ಓಡಬೇಕು. ಪರದೆ ನಿಂತಾಗ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ.

"ಅದು ಯೋಚನೆ ಮಾಡ್ತಿದೆ ಕಣೆ, ಡಿಸ್ಟರ್ಬ್ ಮಾಡ್ಬೇಡ!"

"ಹಾಗಾದ್ರೆ ಚಟ್ನಿ ಬೇಡ್ವಾ?" ಅಡುಗೆಮನೆಯಿಂದ ಚಿಕ್ಕಮ್ಮ.

ತಕ್ಷಣ ಮಿಕ್ಸಿಗೆ ವಿನಾಯಿತಿ!

ರೋಗ ಸರಳ. ನೆಂಟರು ಇನ್ನೂರಕ್ಕೇ ಮುಗಿದರೂ ಮ್ಯಾಕ್ರೊ ಹಾಳೆಯ ಕೊನೆಯವರೆಗೆ, ಹತ್ತು ಲಕ್ಷ ಖಾಲಿ ಸಾಲುಗಳಲ್ಲಿ, ಅವರನ್ನು ಹುಡುಕುತ್ತಿತ್ತು.

"ಅಷ್ಟು ದೂರ ಯಾಕೆ ಚಿಕ್ಕಪ್ಪ?"

"ಯಾರಾದ್ರೂ ಬಿಟ್ಟುಹೋದ್ರೆ?"

ಕೊನೆಯ ನೆಂಟನ ಸಾಲಿಗೇ ನಿಲ್ಲುವಂತೆ ತಿದ್ದಿ ಬಂದೆ. ಮುಂದಿನ ಭಾನುವಾರ ಮತ್ತೆ ಫೋನ್.

"ಬಾರೋ, ಹ್ಯಾಂಗ್ ಆಗಿದೆ."

"ಹೋದ ವಾರ ಸರಿ ಮಾಡಿದ್ನಲ್ಲ?"

"ನೀನಾ? ದೋಸೆ ತಿಂದು ಹೋದೆ ಅಷ್ಟೆ, ಎಂ.ಎಸ್ಸಿ. ಪಂಡಿತ!"

ಹೋಗಿ ನೋಡಿದರೆ ಅದೇ ಹತ್ತು ಲಕ್ಷ ಸಾಲು! ಹೀಗೇ ವಾರವಾರವೂ. ಓಡುತ್ತಿರುವ ಮ್ಯಾಕ್ರೊವನ್ನು ಅರ್ಧಕ್ಕೆ ನಿಲ್ಲಿಸಲು ಬೇರೆ ಬಿಡರು. ಪರದೆ ಬಿಡಿಸಿಕೊಳ್ಳುವ ಆ ಮುಕ್ಕಾಲು ಗಂಟೆ ಕಾಫಿ, ಜೊತೆಗೆ ನಮ್ಮಪ್ಪನ ಕಥೆ. ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ, ಮುಖವೂ ನೆನಪಿಲ್ಲ. ಗೊಟ್ಟಿಗೆರೆಯ ಕೆರೆಗೆ ಸೈಕಲ್ ಸಮೇತ ಬಿದ್ದ ಅಪ್ಪ, "ಸೈಕಲ್ ತೊಳೀತಿದ್ದೆ" ಎಂದನಂತೆ! ನಿಜವೋ, ಚಿಕ್ಕಪ್ಪ ಕಟ್ಟಿದ್ದೋ? ಕೇಳದೆ ಬಿಟ್ಟೆ.

ಚಿಕ್ಕಪ್ಪ ಹೋಗಿ ಆರು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಫೋನ್ ಬಂದರೆ ಈಗಲೂ ಕೈ ಬೈಕಿನ ಕೀಲಿಗೆ ಹೋಗುತ್ತದೆ. ಮೊನ್ನೆ ಚಿಕ್ಕಮ್ಮ, "ಈ ವಾರ ಯಾರ ನಕ್ಷತ್ರ ನೋಡೋ" ಎಂದರು. ಕಂಪ್ಯೂಟರಿನಲ್ಲಿ ಎರಡು ಫೈಲು: ‘ಸರಿ ಇರೋದು’, ‘ಭಾನುವಾರದ್ದು’. ಮೊದಲನೆಯದರಲ್ಲಿ ನನ್ನ ತಿದ್ದುಪಡಿ ಹಾಗೇ ಇತ್ತು. ಒತ್ತಿದ್ದೇ ತಡ, ಪಟ್ಟಿ ಬಂತು.

ನಾನೋ ಸಂಶಯಪಿಶಾಚಿ. ಡ್ರಾಯರಿನಲ್ಲಿ ಅವರು ಜೋಡಿಸಿಟ್ಟಿದ್ದ ಎರಡು ವರ್ಷದ ಪಟ್ಟಿಗಳನ್ನು ತೆಗೆದು, ಕೆಳಗೆ ಅಚ್ಚಾಗಿದ್ದ, ಪಟ್ಟಿ ತೆಗೆದ ದಿನದ ತಾರೀಖುಗಳನ್ನು ಕ್ಯಾಲೆಂಡರಿನ ಜೊತೆ ಒಂದೊಂದಾಗಿ ಹೋಲಿಸಿದೆ. ಒಂದೂ ತಪ್ಪದೆ, ಎಲ್ಲವೂ ಶನಿವಾರದವು.